ಕ್ರಯಪತ್ರದಲ್ಲಿ ಮೀನಿಲ್ಲ, ಹಂದಿಯೂ ಇಲ್ಲ

ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿದವರಿಗೆ ಗಾಜನೂರು ದಾಟಿದ ಮೇಲೆ ತುಂಗೆ ಆಗಾಗ ಕಿಟಕಿಯಲ್ಲಿ ಇಣುಕುತ್ತಾಳೆ. ಈಗ ಅವಳ ಜೊತೆಗೆ ತಂತಿಬೇಲಿಯೂ ಇಣುಕುತ್ತದೆ. ಬೇಲಿಯೊಳಗೆ ಹೊಸ ಹೆಂಚಿನ ಮನೆ, ಗೇಟಿಗೆ ಬೀಗ. ‘ಯಾರದ್ದು ಮಾರಾಯ್ರೆ?’ ಎಂದು ಕೇಳಿದರೆ ‘ಬೆಂಗಳೂರಿನವರದ್ದಂತೆ’ ಎಂಬ ಉತ್ತರ ಸಿದ್ಧ. ಶನಿವಾರ ಬರುತ್ತಾರೆ, ಭಾನುವಾರ ಸಂಜೆ ಹೋಗುತ್ತಾರೆ. ಕೆಲವರು ಗಂಟುಮೂಟೆ ಕಟ್ಟಿಕೊಂಡು ಪೂರ್ತಿಯಾಗಿಯೇ ಬಂದು ಕೂತಿದ್ದಾರೆ.

ಬಂದವರಲ್ಲಿ ನಿಜವಾಗಿ ತೋಟ ಮಾಡುವವರೂ ಇದ್ದಾರೆ. ಅವರ ಮಾತು ಬೇರೆ. ಇಲ್ಲಿ ಪ್ರಸ್ತಾಪ ಇನ್ನೊಂದು ಬಗೆಯವರದ್ದು. ಹಗಲು ಹೊಳೆಯಲ್ಲಿ ಗಾಳ, ರಾತ್ರಿ ಕಾಡಿನಲ್ಲಿ ಶಿಕಾರಿ ಎಂಬ ಕನಸು ಕಟ್ಟಿಕೊಂಡು ಬಂದವರದ್ದು. ಬ್ರೋಕರ್ ಮಹಾಶಯರು ಕನಸಿಗೆ ನೀರು ಹೊಯ್ಯುತ್ತಾರೆ: ‘ಹೊಳೆ ಪಕ್ಕದಲ್ಲೇ ಸಾರ್, ಮೀನು ಬೇಕಾದಷ್ಟು. ಹಿಂದೆ ಕಾಡು, ಹಂದಿ ಅಂಗಳಕ್ಕೇ ಬರ್ತದೆ.’ ಹಂದಿ ಅಂಗಳಕ್ಕೆ ಬರುವುದು ಸುಳ್ಳಲ್ಲ. ಗದ್ದೆ ಕಳೆದುಕೊಂಡ ರೈತನನ್ನು ಕೇಳಿದರೆ ಗೊತ್ತಾಗುತ್ತದೆ.

ಇವರಿಗೆ ಬಾಗಿಲು ತೆರೆದದ್ದು ಯಾರು? ಉಳುವವನಿಗೇ ಭೂಮಿ ಎಂದು 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಜಿಲ್ಲೆಯಲ್ಲಿ. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಹಲ್ಲು ಬಂತು, ಗೇಣಿದಾರ ಒಡೆಯನಾದ. ಬೇಸಾಯಗಾರನಲ್ಲದವನು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ಸರ್ಕಾರ ಕಿತ್ತುಹಾಕಿತು. ಆದ್ದರಿಂದ ಪೇಟೆಯವರು ಕೊಂಡದ್ದು ಅಕ್ರಮವೇನಲ್ಲ. ಸಿಮೆಂಟು, ಹಾರ್ಡ್‌ವೇರ್ ಅಂಗಡಿಯವರಿಗೆ ನಾಲ್ಕು ಕಾಸಿನ ವ್ಯಾಪಾರವೂ ಆಗಿದೆ. ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಕೊಂಡದ್ದು ಏನನ್ನು? ಕ್ರಯಪತ್ರದಲ್ಲಿ ಇರುವುದು ಸರ್ವೆ ನಂಬರು, ಎಕರೆ, ಗುಂಟೆ. ಹಳ್ಳ, ಹೊಳೆ, ಕೆರೆಗಳ ಪಾತ್ರ ಸರ್ಕಾರದ ಸ್ವತ್ತು ಎಂದು 1964ರ ಭೂಕಂದಾಯ ಕಾಯ್ದೆಯ 67ನೇ ಕಲಮೇ ಹೇಳುತ್ತದೆ. ಕೆರೆಯ ಮೀನಿಗೆ ಗುತ್ತಿಗೆ ಉಂಟು, ಜಲಾಶಯದ ಮೀನಿಗೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಉಂಟು. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಂತೂ ಮೀನಿಗೆ ಮಂಡಕ್ಕಿ ಹಾಕಬಹುದೇ ಹೊರತು ಗಾಳ ಹಾಕುವಂತಿಲ್ಲ.

ಕಾಯ್ದೆಗಿಂತ ಹಳೆಯದು ಊರಿನ ಕಟ್ಟು. ಸೊರಬ, ಸಾಗರದ ಕಡೆ ಬೇಸಿಗೆಯಲ್ಲಿ ಕೆರೆಬೇಟೆ ನಡೆಯುತ್ತದೆ. ನೀರು ಇಳಿದ ಕೆರೆಗೆ ಊರವರು ದಿನ ಗೊತ್ತುಮಾಡುತ್ತಾರೆ. ಅಲ್ಲಿಯವರೆಗೆ ಯಾರೂ ಬಲೆ ಬೀಸುವಂತಿಲ್ಲ. ಆ ದಿನ ಕೂಣಿಗೆ ಇಷ್ಟೆಂದು ದುಡ್ಡು ಕಟ್ಟಿ ಎಲ್ಲರೂ ಒಟ್ಟಿಗೇ ಕೆಸರಿಗೆ ಧುಮುಕಬೇಕು. ದುಡ್ಡು ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುತ್ತದೆ. 2024ರಲ್ಲಿ ಇದೇ ಹೆಸರಿನ ಸಿನಿಮಾ ಬಂದ ಮೇಲೆ ಪೇಟೆಯವರಿಗೂ ಇದು ಗೊತ್ತಾಯಿತು. ಸಿನಿಮಾ ನೋಡಿದವರು ಕೂಣಿ ಹಿಡಿದ ಫೋಟೋ ಕೇಳುತ್ತಾರೆ, ಕಟ್ಟನ್ನು ಕೇಳುವುದಿಲ್ಲ.

ಮಳೆಗಾಲದ ಹತ್ತುಮೀನಿನ ಕಥೆ ಇನ್ನೂ ಸೂಕ್ಷ್ಮ. ಮುಂಗಾರಿನ ಮೊದಲ ನೆರೆಗೆ ಮೊಟ್ಟೆ ಹೊತ್ತ ಮೀನು ಹೊಳೆ ಬಿಟ್ಟು ಹಳ್ಳ ಹತ್ತಿ ಗದ್ದೆಗೆ ಬರುತ್ತದೆ. ಹಿಡಿಯುವುದು ಸುಲಭ. ಊರವರೂ ಹಿಡಿದಿದ್ದಾರೆ, ಸಾಚಾಗಳೇನಲ್ಲ. ತೋಟೆ ಹಾಕಿದವರು, ಅಡಿಕೆಗೆ ತಂದ ಮೈಲುತುತ್ತವನ್ನು ಗುಂಡಿಗೆ ಸುರಿದವರು ಹಳ್ಳಿಯಲ್ಲೂ ಇದ್ದಾರೆ. ಆದರೆ ಊರವನಿಗೆ ಮುಂದಿನ ವರ್ಷವೂ ಅದೇ ಹಳ್ಳವೇ ಗತಿ. ವಾರಕ್ಕೊಮ್ಮೆ ಬರುವವನಿಗೆ ಆ ಭಯವಿಲ್ಲ.

ಇನ್ನು ಶಿಕಾರಿ. ಇದರಲ್ಲಿ ಗೊಂದಲವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ದಾಟಿತು. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಹೊಡೆದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೊದಲ ಪಟ್ಟಿಯ ಕಾಟಿಯಾದರೆ 3 ವರ್ಷಕ್ಕೆ ಕಮ್ಮಿ ಇಲ್ಲ, 7ರವರೆಗೆ ಹೋಗಬಹುದು. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು, ನಿಜ. ಆದರೆ ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತೇ. ಮಸಾಲೆ ಅರೆದು ಕೂತವರಿಗೆ ಏನೂ ದಕ್ಕುವುದಿಲ್ಲ! ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಲೈಸೆನ್ಸ್ ಶಿಕಾರಿಯ ಲೈಸೆನ್ಸ್ ಅಲ್ಲವೇ ಅಲ್ಲ.

ಹಾಗಿದ್ದೂ ಧಣಿಗಳು ರಾತ್ರಿ ಜೀಪು ಹತ್ತಿದರೆ ಮುಂದೆ ಟಾರ್ಚ್ ಹಿಡಿಯುವವನು ಯಾರು? ಅದೇ ತೋಟ ಕಾಯುವ ಆಳು. ಕೋವಿಯೂ ಅವನ ಅಪ್ಪನ ಕಾಲದ್ದೇ. ಗುಂಡು ತಪ್ಪಿ ಮನುಷ್ಯನಿಗೆ ಬಿದ್ದ ಸುದ್ದಿ ಮಲೆನಾಡಿಗೆ ಹೊಸದಲ್ಲ. ಕೇಸಾದ ದಿನ ಧಣಿಗೆ ವಕೀಲರು ಸಿಗುತ್ತಾರೆ. ಆಳಿಗೆ ಸಿಗುವುದು ಕೋರ್ಟಿನ ಅಲೆದಾಟ, ಹೋದ ಕೂಲಿ, ಹೆಂಡತಿಯ ಓಲೆಯ ಅಡವು. (ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದರ ಉಣುಗು ಧಣಿ-ಆಳು ಎಂದು ನೋಡುವುದಿಲ್ಲ, ಅದೊಂದೇ ಸಮಾನತೆ.)

‘ತೇಜಸ್ವಿಯವರು ಮಾಡಲಿಲ್ಲವೇ?’ ಎಂದು ಕೇಳುವವರುಂಟು. ಇದೇ ಜಿಲ್ಲೆಯ ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಓದು ಮುಗಿಸಿ ಮೂಡಿಗೆರೆಯ ಕಡೆ ತೋಟ ಮಾಡಿದರು, ಗಾಳ ಹಾಕಿದರು, ಕೋವಿಯನ್ನೂ ಹಿಡಿದರು. ಆಮೇಲೆ ಹಕ್ಕಿಗಳ ಹಿಂದೆ ಅಲೆದದ್ದು ಕ್ಯಾಮೆರಾ ಹಿಡಿದು. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿಯವರೇ ಆಗಿದ್ದರು. ಅವರ ಪುಸ್ತಕದ ಅರ್ಧ ಮಾತ್ರ ಓದಿ ಜಮೀನು ಕೊಂಡರೆ ತಪ್ಪು ಯಾರದ್ದು?

ಹಳ್ಳಿಯವರು ಹೆಚ್ಚು ಹೆದರುತ್ತಿರುವುದು ಕೋವಿಗಲ್ಲ, ಬೇಲಿಗೆ. ದನ ನೀರಿಗಿಳಿಯುತ್ತಿದ್ದ ದಾರಿ, ಬಟ್ಟೆ ಒಗೆಯುವ ಕಲ್ಲು, ದೋಣಿ ಕಟ್ಟುವ ಕಡವು, ಇವೆಲ್ಲ ಬಾಯಿಮಾತಿನ ಹಕ್ಕುಗಳು. ಹಳೆ ಯಜಮಾನ ಬೇಡ ಅನ್ನಲಿಲ್ಲ, ಊರವರು ಬರೆಸಿಕೊಳ್ಳಲಿಲ್ಲ. ಹೊಸಬ ನಕಾಶೆ ತೋರಿಸಿ ‘ಇಲ್ಲಿ ದಾರಿ ಎಲ್ಲಿದೆ?’ ಅನ್ನುತ್ತಾನೆ. ಜಮೀನು ಕೈ ಬದಲಾಗುವ ಮೊದಲೇ ಪಂಚಾಯ್ತಿಯವರು ಸರ್ವೆಯವರನ್ನು ಕರೆಸಿ ಹೊಳೆಯ ದಾರಿ, ಹಳ್ಳದ ಗಡಿ ಗುರುತು ಮಾಡಿಸಬೇಕು. ಮಾರುವವನೂ ದಾರಿಯ ಮಾತನ್ನು ಕ್ರಯಪತ್ರದಲ್ಲೇ ಬರೆಸಬೇಕು. ಮಾರಿದ ಮೇಲೆ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿ ಏನು ಫಲ?

ಬೇಲಿ ಹಾಕುವವರು ಹಳ್ಳದ ಮೋರಿಗೂ ಜಾಲರಿ ಬಡಿದರೆ ಅದನ್ನಾದರೂ ಮಳೆಗೆ ಮೊದಲು ಬಿಚ್ಚಿಸಬೇಕು. ಜೂನ್ ನೆರೆಗೆ ಹತ್ತುವ ಮೀನು ಬರುವುದು ಅದೇ ಮೋರಿಯಲ್ಲಿ.