ಉಳಿಸಿದ ಒಂದು ಡಾಲರ್

ಟ್ರಿಪ್ ಮುಗಿಸಿ ಆಫೀಸಿಗೆ ಬಂದ ದಿನ ಕೆಫೆಟೇರಿಯಾದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಹೇಗಿತ್ತು ಅಂತಲ್ಲ. "ಎಷ್ಟಾಯ್ತು?" ಅಂತ. ನಾನೂ ಅದಕ್ಕೇ ಕಾಯ್ತಿದ್ದವನ ಹಾಗೆ ಹೇಳಿದೆ: "ನಾಮ್ ಪೆನ್ ಸಖತ್ ಚೀಪ್ ಗುರು. ಗೋವಾಗಿಂತ ಚೀಪ್."

ಸಂಜೆ ಮೆಟ್ರೋದಲ್ಲಿ ನಿಂತುಕೊಂಡು ಯೋಚಿಸಿದೆ. ಕಾಂಬೋಡಿಯಾದಲ್ಲಿ ಕಳೆದ ಮೊದಲ ಮೂರು ದಿನಗಳಲ್ಲಿ ಆ ಪದ ಬಾಯಿಗೆ ಬರದ ಒಂದು ಗಂಟೆಯೂ ನೆನಪಾಗಲಿಲ್ಲ. ಈ ಬರಹ ಆ 'ಚೀಪ್' ಅನ್ನೋ ಪದದ ವಿರುದ್ಧ. ಮೊದಲ ಆರೋಪಿ ನಾನೇ.

ನಾನು ಮತ್ತು ಮಂಜು ಬ್ಯಾಂಕಾಕ್ ಮೂಲಕ ನಾಮ್ ಪೆನ್ ತಲುಪಿದಾಗ ಮಧ್ಯಾಹ್ನ. ಬೆನ್ನಿಗೆ ಒಂದೊಂದು ಬ್ಯಾಗು, ಎಂಟು ಜನರ ಡಾರ್ಮ್‌ನಲ್ಲಿ ಎರಡು ಬಂಕು. ಸಂಜೆ ಸಿಸೊವತ್ ಕೀ ಅನ್ನೋ ನದಿ ದಂಡೆಗೆ ಹೋದ್ವಿ. ಅರಮನೆಯ ಎದುರಿಗೇ ತೊನ್ಲೆ ಸಾಪ್ ನದಿ ಮೆಕಾಂಗ್ ಸೇರುತ್ತೆ. ಮಳೆಗಾಲದಲ್ಲಿ ಮೆಕಾಂಗ್ ತುಂಬಿ ಬಂದಾಗ ಈ ತೊನ್ಲೆ ಸಾಪ್ ದಿಕ್ಕು ಬದಲಿಸಿ ಹಿಂದಕ್ಕೆ ಹರಿಯುತ್ತೆ. ಅಂಥ ನದಿಯ ಮುಂದೆ ನಿಂತು ನಾವು ಓದ್ತಾ ಇದ್ದದ್ದು ಬಾರ್‌ಗಳ ಹೊರಗಿನ ಬೋರ್ಡು: ಹ್ಯಾಪಿ ಅವರ್, ಡ್ರಾಫ್ಟ್ ಬಿಯರ್ 75 ಸೆಂಟ್.

ರಾತ್ರಿ ಹಾಸ್ಟೆಲಿನ ಟೆರೇಸ್ ಮೇಲೆ ಪಾರ್ಟಿ. ಇಬ್ಬರು ಬ್ರಿಟಿಷರು, ಒಬ್ಬ ಡಚ್ಚು, ಒಬ್ಬಳು ಜರ್ಮನ್ ಹುಡುಗಿ. ಮಾತು ಶುರುವಾಗಿದ್ದೇ ರೇಟಿನಿಂದ. ಬಸ್ಸಿಗೆ ಎಷ್ಟು ಕೊಟ್ರಿ, ಬೆಡ್ಡಿಗೆ ಎಷ್ಟು, ನೂಡಲ್ಸ್‌ಗೆ ಎಷ್ಟು? ಕಡಿಮೆ ಕೊಟ್ಟವನೇ ಹೀರೋ. ವಿಯೆಟ್ನಾಂ ಇನ್ನೂ ಚೀಪ್ ಅಂತ ಒಬ್ಬ, ಇಲ್ಲ ಲಾವೋಸ್ ಅಂತ ಇನ್ನೊಬ್ಬ. ನಾವು ಬಿಡ್ತೀವಾ? ಕೆ.ಆರ್. ಮಾರ್ಕೆಟ್ಟಿನಲ್ಲಿ ಅಮ್ಮನ ಸೆರಗು ಹಿಡ್ಕೊಂಡು ಚೌಕಾಸಿ ಕಲಿತವರು. ಆ ರಾತ್ರಿ ಗೆದ್ದಿದ್ದು ಮಂಜು.

ಎರಡನೇ ದಿನ ಬೆಳಿಗ್ಗೆ ಒಬ್ಬ ಟುಕ್‌ಟುಕ್ ಡ್ರೈವರ್ ಜೊತೆ ಹದಿನೈದು ಡಾಲರಿಗೆ ಮಾತಾಯಿತು. ಐವತ್ತೈದರ ಆಸುಪಾಸಿನ ಮನುಷ್ಯ. ಮೊದಲು ತುವೊಲ್ ಸ್ಲೆಂಗ್, ಆಮೇಲೆ ಚೋಯೆಂಗ್ ಏಕ್, ವಾಪಸ್ ಹಾಸ್ಟೆಲ್.

ತುವೊಲ್ ಸ್ಲೆಂಗ್ ಮೊದಲು ಹೈಸ್ಕೂಲಾಗಿತ್ತು. 1975ರ ಏಪ್ರಿಲ್ 17ರಂದು ಊರು ಹಿಡಿದ ಖ್ಮೇರ್ ರೂಜ್ ಸೇನೆ ಇಡೀ ನಗರವನ್ನು ಖಾಲಿ ಮಾಡಿಸಿ ಜನರನ್ನು ಹಳ್ಳಿಗಳಿಗೆ ಅಟ್ಟಿತು. ಶಾಲೆಯನ್ನು ಎಸ್-21 ಅನ್ನೋ ಜೈಲು ಮಾಡಿತು. ಕ್ಲಾಸ್‌ರೂಮುಗಳಲ್ಲಿ ಈಗಲೂ ಕಬ್ಬಿಣದ ಮಂಚಗಳಿವೆ. ಕೈದಿಗಳು ಹಾರಿ ಪ್ರಾಣ ಬಿಡಬಾರದು ಅಂತ ವರಾಂಡಕ್ಕೆ ಮುಳ್ಳುತಂತಿ ಹೆಣೆದಿದ್ದಾರೆ. ಜೈಲಿನ ಮುಖ್ಯಸ್ಥ ಡುಚ್ ಹಿಂದೆ ಗಣಿತದ ಮೇಷ್ಟ್ರು. ಇಲ್ಲಿಗೆ ಬಂದವರು ಹದಿನಾಲ್ಕು ಸಾವಿರಕ್ಕೂ ಹೆಚ್ಚು, ಉಳಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಚುಮ್ ಮೇ ಅನ್ನೋ ಮೆಕ್ಯಾನಿಕ್ ಬದುಕಿದ್ದು ಅವನಿಗೆ ಹೊಲಿಗೆ ಮಿಷನ್ ರಿಪೇರಿ ಬರುತ್ತಿತ್ತು ಅನ್ನೋ ಕಾರಣಕ್ಕೆ.

ಚೋಯೆಂಗ್ ಏಕ್ ಊರಿನಿಂದ ಸುಮಾರು 15 ಕಿಲೋಮೀಟರ್. ಎಸ್-21ರ ಕೈದಿಗಳನ್ನು ಟ್ರಕ್ಕಿನಲ್ಲಿ ತಂದು ಕೊಂದ ಜಾಗ. ಗಾಜಿನ ಸ್ತೂಪದ ತುಂಬ ತಲೆಬುರುಡೆಗಳು. ಮಳೆ ಬಂದರೆ ಇವತ್ತಿಗೂ ಮಣ್ಣಿನಿಂದ ಮೂಳೆ, ಬಟ್ಟೆಚೂರು ಮೇಲೆ ಬರುತ್ತವೆ. ಮಕ್ಕಳನ್ನು ಬಡಿದು ಕೊಂದ ಮರವೊಂದಿದೆ, ಅದಕ್ಕೆ ಬಂದವರೆಲ್ಲ ಕೈಬ್ಯಾಂಡು ಬಿಚ್ಚಿ ಸಿಕ್ಕಿಸಿ ಹೋಗಿದ್ದಾರೆ. ಕಿವಿಯಲ್ಲಿ ಆಡಿಯೋ ಗೈಡ್ ಇಟ್ಟುಕೊಂಡೇ ಮಂಜು ಅತ್ತ. ನಾನೂ ಅತ್ತೆ.

ಹಾಸ್ಟೆಲ್ ಗೇಟಿನಲ್ಲಿ ಇಳಿದಾಗ ಡ್ರೈವರ್ ಎರಡು ಡಾಲರ್ ಜಾಸ್ತಿ ಕೇಳಿದ. ಹೇಳಿದ್ದಕ್ಕಿಂತ ಎರಡು ಗಂಟೆ ಹೆಚ್ಚು ಕಾಯಿಸಿದ್ವಿ, ನಿಜ. "ವೇಟಿಂಗ್, ಸರ್," ಅಂದ, ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 17 ಒತ್ತಿ ತೋರಿಸಿದ. "ಫಿಕ್ಸ್ ಆಗಿದ್ದು ಹದಿನೈದು," ಅಂದ ಮಂಜು. ಐದು ನಿಮಿಷ ಜಗ್ಗಾಡಿದ್ವಿ. ಕೊನೆಗೆ ಹದಿನಾರಕ್ಕೆ ಒಪ್ಪಿದ. ಒಂದು ಗಂಟೆ ಹಿಂದೆ ಅವನ ದೇಶದ ಬುರುಡೆಗಳ ಮುಂದೆ ಅತ್ತವರು ನಾವೇ. ರಾತ್ರಿ ಆ ಕಥೆಯನ್ನು ಟೆರೇಸ್ ಮೇಲೆ ಹೇಳಿ ನಕ್ಕಿದ್ದೂ ನಾವೇ.

ಈಗ ನೀವು ಅಂದುಕೊಳ್ಳಬಹುದು, ಬೆಳಿಗ್ಗೆ ಸ್ಮಶಾನ ನೋಡಿ ರಾತ್ರಿ ಎಣ್ಣೆ ಹೊಡೆದಿದ್ದಕ್ಕೆ ಇವನಿಗೆ ಪಾಪಪ್ರಜ್ಞೆ ಅಂತ. ಅಲ್ಲ ಮಾರಾಯ್ರೇ. ಕುಡಿದಿದ್ದಕ್ಕೆ, ಕುಣಿದಿದ್ದಕ್ಕೆ ನಂಗೆ ಯಾವ ಬೇಜಾರೂ ಇಲ್ಲ. ಆ ಊರಿನ ಹುಡುಗ್ರು ಹುಡುಗೀರೂ ಕುಣೀತಾರೆ. ಸಂಜೆಯಾದ್ರೆ ನದಿ ದಂಡೆಯಲ್ಲಿ ಸ್ಪೀಕರ್ ಇಟ್ಟು ಅಜ್ಜಿಯರೂ ಏರೋಬಿಕ್ಸ್ ಮಾಡ್ತಾರೆ. ಒಮ್ಮೆ ಪೂರ್ತಿ ಖಾಲಿಯಾಗಿದ್ದ ಊರು ಇವತ್ತು ಗಲಾಟೆ ಮಾಡೋದೇ ಚೆಂದ. ಅದನ್ನು ಬರೀ ಸಾವಿನ ಮ್ಯೂಸಿಯಂ ಅಂತ ನೋಡೋದು ಇನ್ನೊಂದು ಥರದ ಅವಮಾನ.

ನನ್ನ ತಕರಾರು ಆ ಒಂದು ಡಾಲರಿನ ಬಗ್ಗೆ.

'ಚೀಪ್' ಅಂತ ನಾವು ಹೇಳೋ ರೀತಿ ನೋಡಿ, ಹವಾಮಾನದ ಬಗ್ಗೆ ಹೇಳಿದ ಹಾಗಿರುತ್ತೆ. ಊಟಿ ತಂಪು, ಕಾಂಬೋಡಿಯಾ ಚೀಪ್. ಯಾರೂ ಮಾಡಿದ್ದಲ್ಲ, ತಾನಾಗೇ ಹಾಗಿದೆ ಅನ್ನೋ ಹಾಗೆ. ಆದರೆ ಅಗ್ಗಕ್ಕೆ ಒಂದು ಇತಿಹಾಸ ಇರುತ್ತೆ. ಖ್ಮೇರ್ ರೂಜ್ ಹಣವನ್ನೇ ರದ್ದು ಮಾಡಿತ್ತು, ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಸ್ಫೋಟಿಸಿತ್ತು. 1979ರ ಜನವರಿ 7ಕ್ಕೆ ಅವರ ಆಳ್ವಿಕೆ ಮುಗಿಯುವ ಹೊತ್ತಿಗೆ 15ರಿಂದ 20 ಲಕ್ಷ ಜನ ಸತ್ತಿದ್ದರು, ಓದಿದವರನ್ನು ಹುಡುಕಿ ಹುಡುಕಿ ಕೊಂದಿದ್ದರು. ರಿಯೆಲ್ ಮತ್ತೆ ಚಲಾವಣೆಗೆ ಬಂದಿದ್ದು 1980ರಲ್ಲಿ. ಅಮೆರಿಕದ ಡಾಲರ್ ಬೀದಿಬೀದಿಗೆ ಹರಡಿದ್ದು 1992-93ರಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆ ಬಂದಾಗ. ನಾವು ಉಳಿಸಿದ ನೋಟಿನ ಹಿಂದೆ ಇಷ್ಟೆಲ್ಲ ಇದೆ.

ಮೂರನೇ ದಿನ ರಷ್ಯನ್ ಮಾರ್ಕೆಟ್ಟಿಗೆ ಹೋದ್ವಿ. ಅಲ್ಲಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಉಳಿದ ಬ್ರ್ಯಾಂಡೆಡ್ ಬಟ್ಟೆ ಸಿಗೋ ಜಾಗ. ಮೂರು ಡಾಲರಿಗೆ ಒಂದು ಟೀ ಶರ್ಟ್. ನಾಲ್ಕು ತಗೊಂಡೆ, ಹತ್ತಕ್ಕೆ ಇಳಿಸಿದೆ. ಅದನ್ನು ಹೊಲಿಯುವವರಿಗೆ 2024ರಲ್ಲಿ ಕಾಂಬೋಡಿಯಾ ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ವೇತನ ತಿಂಗಳಿಗೆ 204 ಡಾಲರ್. ಅಲ್ಲಿಗೆ ಬರೋದಕ್ಕೂ ರಕ್ತ ಹರಿದಿದೆ. 2014ರ ಜನವರಿ 3ರಂದು ನಾಮ್ ಪೆನ್‌ನ ವೆಂಗ್ ಸ್ರೆಂಗ್ ರಸ್ತೆಯಲ್ಲಿ ತಿಂಗಳಿಗೆ 160 ಡಾಲರ್ ಕೊಡಿ ಅಂತ ಮುಷ್ಕರ ಮಾಡ್ತಿದ್ದ ಗಾರ್ಮೆಂಟ್ ಕೆಲಸಗಾರರ ಮೇಲೆ ಗುಂಡು ಹಾರಿಸಿದರು. ಕಡೇಪಕ್ಷ ನಾಲ್ವರು ಸತ್ತರು.

ಬೆಂಗಳೂರಿನವರಿಗೆ ಇದು ದೂರದ ಕಥೆ ಆಗಬಾರದು. ಬೆಳಿಗ್ಗೆ ಎಂಟಕ್ಕೆ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಫ್ಯಾಕ್ಟರಿ ಗೇಟಿಗೆ ಓಡೋ ಹೆಣ್ಣುಮಕ್ಕಳನ್ನು ನಾವು ಕ್ಯಾಬಿನ ಕಿಟಕಿಯಿಂದ ದಿನಾ ನೋಡ್ತೀವಿ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡಿಗಾಗಿ ಅವರು ರಸ್ತೆಗಿಳಿದಾಗ ನಾವು ಬೈಕೊಂಡಿದ್ದು ಟ್ರಾಫಿಕ್ಕನ್ನು.

ಇನ್ನೊಂದು ವಿಷಯ. ನಮ್ಮನ್ನೂ ಯಾರೋ ಚೀಪ್ ಅಂದಿದ್ದಕ್ಕೇ ನಮಗೆ ಕೆಲಸ ಸಿಕ್ಕಿರೋದು. ಅಮೆರಿಕದಲ್ಲಿ ಕೆಲಸ ಹೋಗಿ ಇಲ್ಲಿಗೆ ಬಂದರೆ ಅದಕ್ಕೆ 'ಬ್ಯಾಂಗಲೋರ್ಡ್' ಅಂತ ಹೆಸರಿಟ್ಟರಲ್ಲ, ಮರೆತುಹೋಯ್ತಾ? ರಾತ್ರಿ ಹತ್ತರ ಕಾಲ್‌ನಲ್ಲಿ ಕ್ಲೈಂಟ್ ನಮ್ಮನ್ನು 'ಕಾಸ್ಟ್ ಎಫೆಕ್ಟಿವ್ ರಿಸೋರ್ಸ್' ಅಂದಾಗ ಮ್ಯೂಟ್ ಮಾಡಿಕೊಂಡು ಬೈತೀವಿ. ಹೈಕ್ ಸೀಸನ್ನಿನಲ್ಲಿ ಆರು ಪರ್ಸೆಂಟ್ ಕೊಟ್ಟರೆ ನಮ್ಮ ಹೊಟ್ಟೆ ಉರಿಯುತ್ತೆ. ಎರಡು ಗಂಟೆ ಓವರ್‌ಟೈಮಿಗೆ ದುಡ್ಡಿಲ್ಲ ಅಂತ ನಾವು ಹಾಕೋ ಪೋಸ್ಟುಗಳೇ ಸಾವಿರ. ಟುಕ್‌ಟುಕ್ ಡ್ರೈವರ್ ಕೇಳಿದ್ದೂ ಅದನ್ನೇ ತಾನೇ?

"ಚೌಕಾಸಿ ಮಾಡದಿದ್ರೆ ಬೋಳಿಸ್ತಾರೆ ಗುರು," ಅಂತಾನೆ ಮಂಜು. ಒಪ್ಪಿದೆ. ಟೂರಿಸ್ಟ್ ಅಂತ ಡಬಲ್ ಹೇಳೋರು ಅಲ್ಲೂ ಇದ್ದಾರೆ, ಮೆಜೆಸ್ಟಿಕ್ಕಿನಲ್ಲೂ ಇದ್ದಾರೆ. ಹತ್ತೋ ಮೊದಲು ರೇಟು ಮಾತಾಡಿ, ಬೇಡ ಅನಿಸಿದ್ರೆ ಮುಂದೆ ಹೋಗಿ. ಆದರೆ ಕೆಲಸ ಮಾಡಿಸಿಕೊಂಡ ಮೇಲೆ ಕೂಲಿ ಇಳಿಸೋದಕ್ಕೆ ಚೌಕಾಸಿ ಅನ್ನಲ್ಲ. "ನಮ್ಮಂಥವರು ಹೋಗೋದ್ರಿಂದಾನೇ ಅವರ ಹೊಟ್ಟೆ ತುಂಬೋದು" ಅನ್ನೋರಿಗೂ ಒಂದು ಮಾತು: ಹೊಟ್ಟೆ ತುಂಬಿಸ್ತಾ ಇರೋದು ಅವರ ದುಡಿಮೆ, ನಮ್ಮ ರಜೆಯಲ್ಲ. ಮಾಲ್‌ನಲ್ಲಿ ಮುನ್ನೂರು ರೂಪಾಯಿ ಕಾಫಿಗೆ ತುಟಿಪಿಟಿಕ್ ಅನ್ನದೆ ಕಾರ್ಡು ಉಜ್ಜೋ ನಾವು, ಬಿಸಿಲಲ್ಲಿ ಕಾದವನ ಹತ್ತಿರ ಮಾತ್ರ ಯಾಕೆ ಜಾಣರಾಗ್ತೀವಿ? ಅವನು ತಿರುಗಿ ಏನೂ ಮಾಡಲಾರ ಅಂತ ಗೊತ್ತಿರೋದ್ರಿಂದ. ಅಷ್ಟೇ.

ನಾಲ್ಕನೇ ದಿನ ಬೆಳಿಗ್ಗೆ ಸಿಯೆಮ್ ರೀಪ್ ಬಸ್ಸು ಹಿಡಿಯೋ ಮೊದಲು ಹಾಸ್ಟೆಲ್ ಮುಂದೆ ಆ ಡ್ರೈವರ್‌ನನ್ನು ಹುಡುಕಿದೆ. ಬೇರೆ ಇಬ್ಬರು ನಿಂತಿದ್ದರು, ಅವನಿರಲಿಲ್ಲ. ಹೆಸರು ಕೇಳಿರಲಿಲ್ಲವಲ್ಲ, ಹಾಗಾಗಿ ಯಾರನ್ನೂ ವಿಚಾರಿಸೋ ಹಾಗೂ ಇರಲಿಲ್ಲ.

ಮಂಜು ಟ್ರಿಪ್ಪಿನ ಖರ್ಚನ್ನೆಲ್ಲ ಸ್ಪ್ಲಿಟ್‌ವೈಸ್‌ನಲ್ಲಿ ಹಾಕಿದ್ದ. ಎರಡನೇ ದಿನದ ಎಂಟ್ರಿ ಹೀಗಿದೆ: "ಟುಕ್‌ಟುಕ್ 16 ಡಾಲರ್. 17 ಕೇಳ್ದ, ಒಂದು ಉಳಿಸಿದ್ವಿ." ಪಕ್ಕದಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಎಮೋಜಿ. ನಮ್ಮಿಬ್ಬರ ಲೆಕ್ಕ ಎಲ್ಲ ಚುಕ್ತಾ ಆಗಿದೆ ಅಂತ ಆ್ಯಪ್ ತೋರಿಸ್ತಿದೆ.