ಮುರಿದದ್ದೇನು, ಮುರಿದದ್ದು ಹೇಗೆ?

ಕಳೆದ ಮಳೆಗಾಲದಲ್ಲಿ ನಮ್ಮ ಸೋದರತ್ತೆಯವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ತೊಡೆಯೆಲುಬನ್ನು ಮುರಿದುಕೊಂಡರು. ಕಾಲು ಗಿಡ್ಡವಾಗಿ, ಪಾದವು ಹೊರಕ್ಕೆ ತಿರುಗಿಕೊಂಡಿದ್ದಿತು. ಮೈಸೂರಿನ ಆಸ್ಪತ್ರೆಯೊಂದರ ವೈದ್ಯರು ಅಷ್ಟರಿಂದಲೇ ಎಲುಬಿನ ಕತ್ತು ಮುರಿದಿರಬೇಕೆಂದು ಊಹಿಸಿ, ಎರಡು ದಿಕ್ಕುಗಳಿಂದ ಕ್ಷ-ಕಿರಣದ ಚಿತ್ರ ತೆಗೆಸಿದರು. ಎರಡೇಕೆಂದು ವಾಚಕರು ಕೇಳಬಹುದು. ಈ ಚಿತ್ರವು ಕೇವಲ ನೆರಳು. ಹಿಂದುಮುಂದಾಗಿ ಸರಿದ ತುಂಡುಗಳು ಎದುರಿನಿಂದ ನೋಡಿದರೆ ನೆಟ್ಟಗೆ ಕೂಡಿಕೊಂಡಂತೆಯೇ ಕಾಣಬಲ್ಲವು.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ದೂರೇನೂ ಇಲ್ಲ. ಕತ್ತು ಮುರಿದಾಗ ಎಲುಬಿನ ತಲೆಗೆ ಹೋಗುವ ರಕ್ತನಾಳಗಳೂ ಹರಿಯುವುದುಂಟು. ಆದುದರಿಂದ ಆ ತಲೆಯನ್ನೇ ತೆಗೆದು ಲೋಹದ ಗುಂಡನ್ನು ಕೂಡಿಸಿದರು. ಕೆಲವೇ ದಿನಗಳಲ್ಲಿ ಅತ್ತೆಯವರು ಆಸರೆ ಹಿಡಿದು ನಿಂತರು. ಹಿಂದೆ ಇಂತಹ ವೃದ್ಧರು ರಾಟೆಯ ಮೇಲಿಂದ ಕಾಲಿಗೆ ತೂಕ ಇಳಿಬಿಟ್ಟುಕೊಂಡು ವಾರಗಟ್ಟಲೆ ಮಲಗಿ, ಹಾಸಿಗೆಹುಣ್ಣಿನಿಂದಲೋ ಶ್ವಾಸಕೋಶದ ಸೋಂಕಿನಿಂದಲೋ ತೀರಿಕೊಳ್ಳುತ್ತಿದ್ದುದುಂಟು.

ನಮ್ಮ ಆಕ್ಷೇಪಣೆಯಿರುವುದು ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದ ಬಗ್ಗೆ. ಅದರಲ್ಲಿ ‘ಎಸ್ 72.0’ ಎಂದಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಎಸ್ 72 ಎಂದರೆ ತೊಡೆಯೆಲುಬಿನ ಮುರಿತ. ಕೊನೆಯ ಸೊನ್ನೆ ಕತ್ತನ್ನು ಸೂಚಿಸುತ್ತದೆ, 3 ಆಗಿದ್ದರೆ ಎಲುಬಿನ ಕಾಂಡವನ್ನು. ಅದೇ ವರ್ಗೀಕರಣದಲ್ಲಿ ಪೆಟ್ಟಿನ ಕಾರಣಕ್ಕೆ ಬೇರೆ ಸಂಕೇತವುಂಟು. ಸಮನೆಲದಲ್ಲಿ ಜಾರಿಬಿದ್ದರೆ ಡಬ್ಲ್ಯೂ 01; ಮುಂದಿನ ಅಂಕಿ ಸ್ಥಳದ್ದು, ಮನೆಗೆ 0, ಬೀದಿಗೆ 4. ಮೋಟಾರುಸೈಕಲ್ಲಿನ ಸವಾರರಿಗೆ ವಿ 20ರಿಂದ 29. ನಮ್ಮ ಕಾಗದದಲ್ಲಿ ಇದಾವುದೂ ಇರಲಿಲ್ಲ. ವಿಚಾರಿಸಲಾಗಿ, ವಿಮೆಯವರು ಅದನ್ನು ಕೇಳುವುದಿಲ್ಲವೆಂದು ಗುಮಾಸ್ತರು ಹೇಳಿದರು!

ಭೌತಶಾಸ್ತ್ರದ ಪಾಠ ಹೇಳುವ ನಮಗೆ ಇದು ಸಣ್ಣ ಲೋಪವೆಂದು ತೋರದು. 50 ಕಿಲೋಗ್ರಾಂ ತೂಕದವರು ನಿಂತಲ್ಲೇ ಕುಸಿದು, ಗುರುತ್ವಕೇಂದ್ರವು 0.8 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 390 ಜೌಲ್. ಅದೇ ತೂಕದವರು ಸ್ಕೂಟರಿನ ಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವಾಗ ಅವರ ಚಲನಶಕ್ತಿ ಸುಮಾರು 3,090 ಜೌಲ್, ಹೆಚ್ಚುಕಡಿಮೆ ಎಂಟು ಪಟ್ಟು. ಮೊದಲನೆಯ ಪ್ರಸಂಗದಲ್ಲಿ ಮೂಳೆಯೇ ಸವೆದಿರಬಹುದೆಂಬ ಸಂದೇಹ ಏಳಬೇಕು. ಎರಡನೆಯದರಲ್ಲಿ ರಸ್ತೆಯನ್ನೂ ವೇಗವನ್ನೂ ಪರೀಕ್ಷಿಸಬೇಕು. ಒಂದಕ್ಕೆ ಬಚ್ಚಲಿನ ಗೋಡೆಗೊಂದು ಹಿಡಿಕೆ, ಮೂಳೆಯ ಸಾಂದ್ರತೆಯ ಪರೀಕ್ಷೆ. ಇನ್ನೊಂದಕ್ಕೆ ಬೀದಿದೀಪ, ರಸ್ತೆಯ ಗುಂಡಿಗಳ ದುರಸ್ತಿ. ಎಸ್ 72 ಒಂದನ್ನೇ ಎಣಿಸಿದರೆ ಈ ಎರಡೂ ಒಂದೇ ರಾಶಿಗೆ ಬೀಳುತ್ತವೆ.

ಕೆಲಸದ ಹೊರೆ ಹೆಚ್ಚೆಂಬ ಉತ್ತರ ಬರಬಹುದು. ಬಂದವರು ಕಾರಣವನ್ನು ಮರೆಮಾಚುವುದೂ ಉಂಟು. ಕುಡಿದು ವಾಹನ ನಡೆಸಿದವನು ಮೆಟ್ಟಿಲಿನಿಂದ ಬಿದ್ದೆನೆನ್ನಬಹುದು. ಆದರೂ ಹೇಗೆ ಬಿದ್ದಿರೆಂದು ವೈದ್ಯರು ಮೊದಲೇ ಕೇಳಿರುತ್ತಾರಷ್ಟೆ. ಕೇಳಿದ್ದನ್ನು ಬರೆದಿಡುವುದೊಂದೇ ಉಳಿದ ಕೆಲಸ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ 1930ರಲ್ಲಿ ನಮ್ಮೂರಿಗೆ ಬಂದ ವೈದ್ಯಕೀಯ ಕಾಲೇಜು ಇಲ್ಲಿದೆ. ಲೆಕ್ಕವನ್ನು ಒಟ್ಟುಗೂಡಿಸಬಲ್ಲ ವಿದ್ವಾಂಸರಿಗೆ ಕೊರತೆಯಿಲ್ಲ. ಊರಿನ ಎಲ್ಲ ಆಸ್ಪತ್ರೆಗಳೂ ಈ ಎರಡನೆಯ ಸಂಕೇತವನ್ನು ತಪ್ಪದೆ ಬರೆದು, ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ನಗರಪಾಲಿಕೆಗೆ ಒಪ್ಪಿಸಬೇಕೆಂಬುದು ನಮ್ಮ ಬೇಡಿಕೆ.