ಕೊಟ್ಟ ಕತ್ತಿಯನ್ನು ಕದಿಯುವವರು

ತಾನೇ ಕೈಯಾರೆ ಕೊಟ್ಟ ವಸ್ತುವನ್ನು ಕಳ್ಳನೊಬ್ಬನನ್ನು ಕಳಿಸಿ ಹಿಂದಕ್ಕೆ ತರಿಸಿಕೊಳ್ಳುವವನನ್ನು ಲೋಕ ಏನೆಂದು ಕರೆಯುತ್ತದೆಯೋ ಓದುಗರು ಬಲ್ಲರು. ಅದೇ ಕೆಲಸವನ್ನು ಆಟದ ಮೇಜಿನ ಸುತ್ತ ಮಾಡಿದರೆ ಮಾತ್ರ ಅದಕ್ಕೆ ‘ಸಮತೋಲನ’ ಎಂಬ ಗೌರವದ ಹೆಸರುಂಟು. ಹೆಸರು ಬದಲಾದ ಮಾತ್ರಕ್ಕೆ ಕೆಲಸ ಬದಲಾಗದು ಎಂಬುದೇ ನನ್ನ ತಕರಾರು.

ಆಟ ಯಾವುದೆಂದು ಮೊದಲು ಹೇಳಬೇಕು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬ ಯೋಧನಾಗಿ, ಒಬ್ಬ ಮಂತ್ರವಾದಿಯಾಗಿ, ಇನ್ನೊಬ್ಬ ಗುಡಿಯ ಪೂಜಾರಿಯಾಗಿ ಮಾತಿನಲ್ಲೇ ಸಾಹಸ ಮಾಡುತ್ತಾರೆ. ಒಬ್ಬನು ಮಾತ್ರ ಯಾವ ಪಕ್ಷಕ್ಕೂ ಸೇರದೆ ಆ ಕಲ್ಪನೆಯ ಲೋಕವನ್ನೇ ನಡೆಸುತ್ತಾನೆ. ಅವರ ಭಾಷೆಯಲ್ಲಿ ಅವನು ಡಂಜನ್ ಮಾಸ್ಟರ್. ನಾವು ಸೂತ್ರಧಾರ ಎನ್ನೋಣ. ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮಿಕ್ಕದ್ದನ್ನೆಲ್ಲ ಸೂತ್ರಧಾರ ಹೇಳುತ್ತಾನೆ.

ಈ ಲೋಕದಲ್ಲಿ ಒಂದು ಕತ್ತಿಯುಂಟು, ಹೆಸರು ವೋರ್ಪಲ್. ಲೂಯಿಸ್ ಕ್ಯಾರಲ್ 1871ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕದೊಳಗಿನ ಒಂದು ತುಂಟ ಪದ್ಯದಿಂದ ಹಾರಿಬಂದ ಅರ್ಥವಿಲ್ಲದ ಶಬ್ದವದು. 1975ರಲ್ಲಿ ಆಟದ ‘ಗ್ರೇಹಾಕ್’ ಎಂಬ ಪುರವಣಿ ಗ್ರಂಥವನ್ನು ಸೇರಿ, ಅದು ಭಯಂಕರವಾದ ಅರ್ಥವನ್ನೇ ಪಡೆಯಿತು: ತಲೆ ಹಾರಿಸುವ ಕತ್ತಿ. 2014ರ ಐದನೆಯ ಆವೃತ್ತಿಯ ನಿಯಮದಂತೆ, ಅದನ್ನು ಹಿಡಿದವನ ದಾಳ ಇಪ್ಪತ್ತನ್ನು ತೋರಿಸಿದರೆ ಎದುರಾಳಿಯ ಶಿರಸ್ಸು ನೆಲಕ್ಕುರುಳುತ್ತದೆ. ಅವನಲ್ಲಿ ಎಷ್ಟು ಪ್ರಾಣಶಕ್ತಿ ಉಳಿದಿದೆ ಎಂಬ ಲೆಕ್ಕವೇ ಇಲ್ಲ.

ಇಪ್ಪತ್ತರಲ್ಲಿ ಒಂದು ತಾನೆ, ನೂರಕ್ಕೆ ಐದು ತಾನೆ, ಎಂದು ಹಗುರವಾಗಿ ನುಡಿಯುವವರು ಸ್ವಲ್ಪ ಗುಣಾಕಾರ ಮಾಡಿ ನೋಡಲಿ. ಪಳಗಿದ ಯೋಧ ಒಂದು ಸರದಿಯಲ್ಲಿ ಎರಡು ಏಟು ಹೊಡೆಯುತ್ತಾನೆ. ಕಾಳಗ ನಾಲ್ಕು ಸರದಿ ನಡೆದರೆ ಏಟು ಎಂಟು. ಎಂಟರಲ್ಲಿ ಒಮ್ಮೆಯಾದರೂ ಇಪ್ಪತ್ತು ಬೀಳುವ ಸಂಭವ ನೂರಕ್ಕೆ ಸುಮಾರು ಮೂವತ್ತನಾಲ್ಕು. ಎಂದರೆ, ಸೂತ್ರಧಾರ ವಾರವಿಡೀ ಕುಳಿತು ಹೆಣೆದ ಮೂರು ಕಾಳಗಗಳಲ್ಲಿ ಒಂದು, ಒಂದೇ ದಾಳದಲ್ಲಿ ಮುಗಿಯುತ್ತದೆ. ಇಂಥ ಕತ್ತಿಯಿಂದ ತೊಂದರೆಯಿಲ್ಲವೆಂದು ನಾನು ವಾದಿಸುವುದಿಲ್ಲ. ತೊಂದರೆ ಖಂಡಿತ ಉಂಟು. ಆದರೆ ಅದು ಯಾರಿಗೆ ಎಂಬಲ್ಲಿಯೇ ಎಲ್ಲರೂ ಎಡವುತ್ತಾರೆ.

ನಾನೂ ಎಡವಿದವನೇ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಊಟದ ಮೇಜೇ ಭಾನುವಾರದ ರಣರಂಗವಾಗಿತ್ತು, ಸೂತ್ರಧಾರ ನಾನು. ಒಂದು ಸಂಜೆ ಉದಾರತೆ ಉಕ್ಕಿ, ಗೆಳೆಯನೊಬ್ಬನ ಯೋಧನಿಗೆ ಈ ಕತ್ತಿಯನ್ನು ಕೊಟ್ಟುಬಿಟ್ಟೆ. ಮೂರು ವಾರ ಅವನ ಸಂಭ್ರಮ ಹೇಳತೀರದು. ನಾಲ್ಕನೆಯ ವಾರ ನನ್ನ ಮುದ್ದಿನ ಖಳನಾಯಕ ತನ್ನ ಮೊದಲ ಮಾತನ್ನು ಮುಗಿಸುವ ಮೊದಲೇ ತಲೆ ಕಳೆದುಕೊಂಡ. ಐದನೆಯ ವಾರ, ಎಲ್ಲರೂ ಛತ್ರದಲ್ಲಿ ಮಲಗಿದ್ದಾಗ, ಯಾರ ಕಣ್ಣಿಗೂ ಬೀಳದ ಕಳ್ಳನೊಬ್ಬ ಬಂದು ಕತ್ತಿಯನ್ನು ಎತ್ತಿಕೊಂಡು ಹೋದ. ಕಾವಲಿದ್ದವನಿಗೆ ದಾಳ ಹಾಕಲೂ ನಾನು ಬಿಡಲಿಲ್ಲ.

ಗೆಳೆಯ ಜಗಳವಾಡಲಿಲ್ಲ. ಕಾಫಿ ಲೋಟ ಕೆಳಗಿಟ್ಟು, “ಅಲ್ಲ ಮಾರಾಯ, ಬೇಕಾಗಿದ್ದರೆ ಕೇಳಬಹುದಿತ್ತಲ್ಲ, ನಾನೇ ಕೊಡುತ್ತಿದ್ದೆ” ಎಂದ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ನನ್ನಂಥವರ ಬತ್ತಳಿಕೆಯಲ್ಲಿ ಬಾಣಗಳು ಮೂರು. ಮೊದಲನೆಯದು ಈ ಕಳವು. ಕಳ್ಳ ಸಿಗದಿದ್ದರೆ ಲೋಹ ತಿನ್ನುವ ಪ್ರಾಣಿಯೊಂದಿದೆ. ಹಾಂಗ್‌ಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ ಗೈಗ್ಯಾಕ್ಸ್ ಸೃಷ್ಟಿಸಿದ್ದು. ಅದು ಮುಟ್ಟಿದ ಆಯುಧ ತುಕ್ಕು ಹಿಡಿದು ಪುಡಿಯಾಗುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಮಂತ್ರಾಯುಧಕ್ಕೂ ಅದರಿಂದ ಉಳಿಗಾಲವಿರಲಿಲ್ಲ. 2014ರ ಗ್ರಂಥದಲ್ಲಿ ಅದರ ಬಾಯಿಗೆ ಸಾಧಾರಣ ಲೋಹವನ್ನಷ್ಟೇ ಬಿಟ್ಟಿದ್ದಾರೆ. ನಿಯಮ ಬರೆದವರಿಗೆ ಬಂದ ನಾಚಿಕೆ ಸೂತ್ರಧಾರರಿಗೂ ಬರಬಾರದೆ?

ಎರಡನೆಯ ಬಾಣ, ಲೋಕವನ್ನೇ ಕತ್ತಿಯ ಅಳತೆಗೆ ಉಬ್ಬಿಸುವುದು. ತಲೆಯಿಲ್ಲದ ಜೀವಿಗಳಿಗೆ ಈ ಕತ್ತಿ ತಾಗದು ಎಂಬ ನಿಯಮವಿದೆಯಲ್ಲ, ಸರಿ, ಮಾರನೆಯ ದಿನದಿಂದ ಆ ಸೀಮೆಯಲ್ಲಿ ತಲೆಯಿಲ್ಲದವರದೇ ಸಂತೆ! ಇಲ್ಲವಾದರೆ ಎಲ್ಲ ಶತ್ರುಗಳ ಬಲವೂ ಇಮ್ಮಡಿ. ಪಾಪ, ಪಕ್ಕದಲ್ಲಿ ಸಾಧಾರಣ ಭರ್ಜಿ ಹಿಡಿದು ನಿಂತ ಪೂಜಾರಿ ಮಾಡಿದ ತಪ್ಪೇನು? ಕತ್ತಿ ಇದ್ದವನು ಹೇಗೋ ಬದುಕಿಕೊಳ್ಳುತ್ತಾನೆ, ಸಾಯುವವರು ಉಳಿದವರು. ಮೂಗಿಗೆ ನೆಗಡಿ ಬಂತೆಂದು ನೆರೆಯವನ ಮೂಗನ್ನು ಕೊಯ್ದ ಹಾಗಾಯಿತು.

ಮೂರನೆಯದು ಎಲ್ಲಕ್ಕಿಂತ ಹೀನವಾದದ್ದು: ಮರೆಯ ಹಿಂದೆ ಲೆಕ್ಕ ತಿದ್ದುವುದು. ಇಪ್ಪತ್ತು ಬಿದ್ದ ಮೇಲೆ, “ಇವನಿಗೆ ಒಂದು ರಕ್ಷೆಯಿದೆ” ಎಂದು ಆ ಕ್ಷಣದಲ್ಲಿ ರಕ್ಷೆ ಹುಟ್ಟಿಸುವುದು. ಚದುರಂಗದಲ್ಲಿ ಮಣೆಯಿದೆ, ಕ್ರಿಕೆಟ್ಟಿನಲ್ಲಿ ಅಂಪೈರಿದ್ದಾನೆ. ಇಲ್ಲಿ ಮಣೆಯೂ ಅವನೇ, ಅಂಪೈರೂ ಅವನೇ, ಎದುರಾಳಿಯ ನಾಲಗೆಯೂ ಅವನೇ. ಇಷ್ಟು ಅಧಿಕಾರವನ್ನು ನಾಲ್ವರು ವಿವೇಕಿಗಳು ಒಬ್ಬನ ಕೈಗೆ ಕೊಟ್ಟಿರುವುದು ಅವನ ಮಾತಿನ ಮೇಲಿನ ನಂಬಿಕೆಯಿಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಆಟವೆಲ್ಲಿ ಉಳಿಯಿತು?

“ನೀವೇನು ಕೊಡುಗೈ ದೊರೆಗಳ ಪಕ್ಷವೇ?” ಎಂದು ಕೇಳುವವರುಂಟು. ಅಲ್ಲ. ಬೇಡಿದ್ದನ್ನೆಲ್ಲ ಹಂಚುವ ಸೂತ್ರಧಾರರನ್ನು ಆಟಗಾರರು ‘ಮಾಂಟಿ ಹಾಲ್’ ಎಂದು ಗೇಲಿ ಮಾಡುತ್ತಾರೆ. 1963ರಲ್ಲಿ ಆರಂಭವಾದ, ಪರದೆ ಸರಿಸಿ ಬಹುಮಾನ ಹಂಚುವ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದರ ನಿರೂಪಕನ ಹೆಸರದು. ಆ ಗೇಲಿ ನ್ಯಾಯವಾದದ್ದೇ. ಆದರೆ ದುಂದುಗಾರಿಕೆಗೆ ಮದ್ದು ಕಳ್ಳತನವಲ್ಲ.

ಹಾಗಾದರೆ ಮದ್ದೇನು? ಮೊದಲು ರೋಗ ತಿಳಿಯಬೇಕು. ಕತ್ತಿಗೂ ರಾಕ್ಷಸನಿಗೂ ತೂಕ ಸರಿಹೋಗಬೇಕೆಂಬುದೇ ಭ್ರಮೆ. ರಾಕ್ಷಸನಿಗೆ ಮನಸ್ಸಿಲ್ಲ, ಅವನು ಸತ್ತರೆ ಅಳುವವರಿಲ್ಲ. ಸರಿಹೋಗಬೇಕಾದ ತೂಕ ಮೇಜಿನ ಸುತ್ತ ಕುಳಿತ ನಾಲ್ವರದು. ಒಬ್ಬನು ತಲೆ ಹಾರಿಸುತ್ತಿರುವಾಗ ಉಳಿದ ಮೂವರು ಗಡಿಯಾರ ನೋಡುತ್ತಿದ್ದರೆ, ಅದೇ ರೋಗ. ನನ್ನ ಮೇಜಿನಲ್ಲಿ ಮೂವರೂ ಗಡಿಯಾರ ನೋಡುತ್ತಿದ್ದರು. ನಾನು ಮಾತ್ರ ನನ್ನ ಖಳನಾಯಕನಿಗಾಗಿ ಮರುಗುತ್ತಿದ್ದೆ.

ಪುರಾಣದ ಕವಿಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಇಂದ್ರನು ಕರ್ಣನಿಗೆ ಕೊಟ್ಟ ಶಕ್ತ್ಯಾಯುಧಕ್ಕಿಂತ ಪ್ರಬಲವಾದ ಆಯುಧ ಬೇಕೆ? ಬಿಟ್ಟರೆ ಗುರಿ ಸತ್ತದ್ದೇ. ಆದರೆ ಅದರ ಬೆಲೆ ಕವಚಕುಂಡಲ, ಷರತ್ತು ಒಂದೇ ಪ್ರಯೋಗ; ಎರಡೂ ಕೊಡುವಾಗಲೇ ಬಾಯಿಬಿಟ್ಟು ಹೇಳಿದ್ದು. ಕೃಷ್ಣನು ಅದನ್ನು ಕದಿಯಲು ಯಾರನ್ನೂ ಕಳಿಸಲಿಲ್ಲ. ರಾತ್ರಿಯ ಯುದ್ಧಕ್ಕೆ ಘಟೋತ್ಕಚನನ್ನು ಕಳಿಸಿದ, ಕರ್ಣನೇ ಅದನ್ನು ಬಿಡುವಂಥ ಹೊತ್ತನ್ನು ತಂದ. ಆಯುಧ ತನ್ನ ಕೆಲಸ ಮಾಡಿಯೇ ಹೋಯಿತು. ಕಳೆದುಕೊಂಡ ಕರ್ಣನಿಗೆ ದುಃಖವಾಯಿತೇ ಹೊರತು ಮೋಸವಾಗಲಿಲ್ಲ. ಈ ವ್ಯತ್ಯಾಸ ತಿಳಿಯದವನು ಸೂತ್ರ ಹಿಡಿಯಬಾರದು.

ಪಶ್ಚಿಮದವರಲ್ಲಿಯೂ ಈ ತಿಳಿವಳಿಕೆ ಇಲ್ಲದಿಲ್ಲ. ಇಂಗ್ಲೆಂಡಿನ ಮೈಕಲ್ ಮೂರ್‌ಕಾಕ್ 1961ರಲ್ಲಿ ಬರೆಯತೊಡಗಿದ ಎಲ್ರಿಕ್ ಎಂಬ ದುರ್ಬಲ ದೊರೆಯ ಕತೆಗಳಲ್ಲಿ, ಅವನ ಕತ್ತಿ ಸ್ಟಾರ್ಮ್‌ಬ್ರಿಂಗರ್ ಕೊಂದವರ ಆತ್ಮವನ್ನು ಹೀರಿ ಅವನಿಗೆ ಬಲ ಕೊಡುತ್ತದೆ. ಅವನ ಪ್ರಿಯತಮೆಯನ್ನೂ ಕೊಲ್ಲುತ್ತದೆ, ಕಡೆಗೆ ಅವನನ್ನೂ. ಕತ್ತಿಯ ಬಲ ಕುಗ್ಗಿಸದೆಯೇ ಅದನ್ನು ಎತ್ತುವ ಮುನ್ನ ಕೈ ನಡುಗುವಂತೆ ಮಾಡಿದ ಜಾಣ್ಮೆ ಅದು. ಆಟದ 2014ರ ನಿಯಮಗಳಲ್ಲೂ ಒಂದು ಒಳ್ಳೆಯ ಕಟ್ಟು ಇದೆ: ಇಂಥ ವಸ್ತುಗಳೊಡನೆ ಮನಸ್ಸನ್ನು ಬೆಸೆದುಕೊಳ್ಳಬೇಕು, ಹಾಗೆ ಬೆಸೆಯಲು ಒಬ್ಬನಿಗೆ ಏಕಕಾಲಕ್ಕೆ ಮೂರೇ ವಸ್ತುಗಳ ಮಿತಿ. ಒಂದನ್ನು ಹಿಡಿಯಬೇಕಾದರೆ ಇನ್ನೊಂದನ್ನು ಬಿಡಬೇಕು. ಆಯ್ಕೆ ಆಟಗಾರನದು, ನಿಯಮ ಎಲ್ಲರ ಕಣ್ಣೆದುರಿಗಿನದು.

ಆದ್ದರಿಂದ ನನ್ನ ಮತ ಇಷ್ಟು. ಕೊಡುವ ಮುನ್ನ ಬೆಲೆ ಹೇಳಿ. ಹೇಳಲು ಮರೆತು ಕೊಟ್ಟುಬಿಟ್ಟಿದ್ದರೆ, ತಪ್ಪು ನಿಮ್ಮದೆಂದು ನಾಲ್ವರ ಎದುರಿಗೆ ಒಪ್ಪಿಕೊಂಡು, ದಿನಕ್ಕೆ ಒಮ್ಮೆ ಮಾತ್ರ ತಲೆ ಹಾರಿಸುವ ಷರತ್ತೋ, ಪ್ರತಿ ತಲೆಗೂ ಹಿಡಿದವನ ರಕ್ತವೇ ಸುಂಕವೆಂಬ ಷರತ್ತೋ, ಎಲ್ಲರೂ ಕೂಡಿ ಗೊತ್ತುಮಾಡಿ. ಕತ್ತಿ ಇರಲಿ, ಆದರೆ ಕತ್ತಿಯಿಂದ ಬಗೆಹರಿಯದ ಕೆಲಸಗಳನ್ನೂ ಕತೆಯಲ್ಲಿ ಇಡಿ: ಜೀವಂತ ಹಿಡಿದು ತರಬೇಕಾದ ಅಪರಾಧಿ, ಒಲಿಸಿಕೊಳ್ಳಬೇಕಾದ ರಾಣಿ, ಬಾಯಿ ಬಿಡಿಸಬೇಕಾದ ಸಾಕ್ಷಿ. ಆಗ ಮಂತ್ರವಾದಿಗೂ ಪೂಜಾರಿಗೂ ಕೆಲಸ ಹುಟ್ಟುತ್ತದೆ, ಗಡಿಯಾರದ ಕಡೆ ಕಣ್ಣು ಹೋಗುವುದಿಲ್ಲ.

“ಆಟಕ್ಕೆ ಇಷ್ಟೊಂದು ಧರ್ಮಜಿಜ್ಞಾಸೆ ಏಕೆ ಸ್ವಾಮಿ?” ಎಂದು ನಗುವವರು ನಗಲಿ. ಕತ್ತಿ ಕಲ್ಪನೆಯದು, ರಾಕ್ಷಸ ಕಲ್ಪನೆಯವನು, ಛತ್ರಕ್ಕೆ ನುಗ್ಗಿದ ಕಳ್ಳನೂ ಕಲ್ಪನೆಯವನೇ. ಬರಿದಾದ ಕುರ್ಚಿ ಮಾತ್ರ ನಿಜವಾದದ್ದು. ಅದು ಎರಡು ತಿಂಗಳು ನನ್ನ ಮನೆಯಲ್ಲಿ ಹಾಗೆಯೇ ಇತ್ತು.

ಕೊನೆಗೆ ನಾನೇ ಅವನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಆ ಬಳಿಕ ಎರಡು ಸಲ, ಬೇರೆ ಬೇರೆ ಆಟಗಾರರಿಗೆ, ಮಿತಿಮೀರಿದ ಆಯುಧ ಕೊಟ್ಟು ಮತ್ತೆ ಪೇಚಿಗೆ ಸಿಕ್ಕಿದ್ದೇನೆ. ಕೈ ಅಷ್ಟು ಬೇಗ ಬುದ್ಧಿ ಕಲಿಯುವುದಿಲ್ಲ. ಎರಡು ಸಲವೂ ಕಳ್ಳನನ್ನು ಕರೆಯದೆ ನೇರವಾಗಿ ಕೇಳಿದೆ. ಸೂತ್ರಧಾರ ಮಹಾಶಯರೂ ಹಾಗೆ ಒಮ್ಮೆ ಕೇಳಿ ನೋಡಲಿ. ಕೊಡುವುದಿಲ್ಲ ಎಂದವರನ್ನು ನಾನಂತೂ ಇನ್ನೂ ಕಂಡಿಲ್ಲ.